12 ವರ್ಷದಿಂದ ಮುಚ್ಚಳ ತೆಗೆದಿಲ್ಲ, ಸೆಪ್ಟಿಕ್ ಟ್ಯಾಂಕ್ ಈಗ ಖಾಲಿ ಮಾಡಿಸಬೇಕಾ?

ಊರಾಚೆ_ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆ. ಬಡಾವಣೆಗೆ ಯುಜಿಡಿ (ಒಳಚರಂಡಿ) ಇನ್ನೂ ಬಂದಿಲ್ಲ. ಮನೆ ಕಟ್ಟಿ 12 ವರ್ಷ ಆಯಿತು, ಐದು ಜನ ಇದ್ದೇವೆ. ಟ್ಯಾಂಕ್ ಕಾರು ನಿಲ್ಲಿಸುವ ಜಾಗದ ಕೆಳಗಿದೆ. ಉದ್ದ 8 ಅಡಿ, ಅಗಲ 5, ಆಳ 5 ಅಂತ ಮಾವ ಹೇಳುತ್ತಾರೆ. ಪಕ್ಕದಲ್ಲೇ ಇಂಗು ಗುಂಡಿ. ಇವತ್ತಿನವರೆಗೆ ಒಂದು ಸಲವೂ ಖಾಲಿ ಮಾಡಿಸಿಲ್ಲ. ತುಂಬಿದರೆ ತಾನೇ ಗೊತ್ತಾಗುತ್ತೆ, ಸುಮ್ನೆ ಇರೋದನ್ನ ಯಾಕೆ ಕೆದಕಬೇಕು ಅನ್ನುವುದು ಮಾವನ ವಾದ.

ಈಗ ಎರಡು ವಾರದಿಂದ ಫ್ಲಶ್ ಮಾಡಿದರೆ ನೀರು ನಿಧಾನಕ್ಕೆ ಇಳಿಯುತ್ತಿದೆ, ಕಮೋಡಿನಲ್ಲಿ ಗುಳುಗುಳು ಸದ್ದು ಬೇರೆ. ಮಳೆ ಬಂದ ದಿನ ಇದೆಲ್ಲ ಜಾಸ್ತಿ. ಹಾರ್ಡ್‌ವೇರ್ ಅಂಗಡಿಯವರು ಯಾವುದೋ ಬ್ಯಾಕ್ಟೀರಿಯಾ ಪುಡಿ ಕೊಟ್ಟರು, ಅತ್ತೆ ಸಗಣಿ ನೀರು ಹಾಕು ಅಂದರು. ಎರಡೂ ಹಾಕಿ ಆಯಿತು, ಏನೂ ಆಗಿಲ್ಲ. ಟ್ಯಾಂಕ್ ತುಂಬಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ?

ಗಾರೆ_ಮೇಸ್ತ್ರಿ:

ಮೇಡಂ, ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತದೆ. ಬಳಸಲು ಶುರು ಮಾಡಿದ ಕೆಲವೇ ದಿನಕ್ಕೆ ನೀರು ಹೊರಗೆ ಹೋಗುವ ಪೈಪಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಒಳಗೆ ಎಷ್ಟು ಬಿತ್ತೋ ಅಷ್ಟು ಇಂಗು ಗುಂಡಿಗೆ ಹೋಗುತ್ತದೆ. ಆದ್ದರಿಂದ ಮುಚ್ಚಳ ತೆಗೆದು ನೀರು ಕಂಡು ಗಾಬರಿ ಆಗಬೇಡಿ. ನೋಡಬೇಕಾದ್ದು ತಳದಲ್ಲಿ ಕೂತ ಕೆಸರು. ಅದು ಜಾಸ್ತಿಯಾದರೆ ನಡುವಿನ ತಿಳಿನೀರಿಗೆ ಜಾಗ ಸಾಲದೆ ಕೆಸರೂ ನೀರಿನ ಜೊತೆ ಹೊರಟು ಇಂಗು ಗುಂಡಿಯ ಸುತ್ತಲ ಮಣ್ಣಿನ ಸಂದನ್ನೆಲ್ಲ ಮುಚ್ಚಿಬಿಡುತ್ತದೆ. ನಿಜವಾದ ಖರ್ಚು ಅಲ್ಲಿ. ಟ್ಯಾಂಕನ್ನು ಒಂದು ಗಂಟೆಯಲ್ಲಿ ಖಾಲಿ ಮಾಡಿಸಬಹುದು, ಕಟ್ಟಿಕೊಂಡ ಇಂಗು ಗುಂಡಿ ಮಾತ್ರ ಸುಲಭಕ್ಕೆ ಸರಿಹೋಗುವುದಿಲ್ಲ, ಎಷ್ಟೋ ಕಡೆ ಹೊಸದೇ ತೋಡಿದ್ದೇವೆ.

ಅಳೆಯೋದು ಹೀಗೆ. ಏಳೆಂಟು ಅಡಿಯ ಗಳ ತಗೊಳ್ಳಿ, ಕೆಳಗಿನ ನಾಲ್ಕಡಿಗೆ ಹಳೆ ಬಿಳಿ ಪಂಚೆ ಬಿಗಿಯಾಗಿ ಸುತ್ತಿ ಕಟ್ಟಿ. ಕಕ್ಕಸಿನ ಪೈಪ್ ಬಂದು ಬೀಳುವ ಮೊದಲನೇ ಕೋಣೆಯ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಗಳವನ್ನು ನಿಧಾನವಾಗಿ ತಳಕ್ಕೆ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು ನೇರವಾಗಿ ಎತ್ತಿ. ಕಪ್ಪು ಕೆಸರು ಅಂಟಿದ ಗುರುತು ಎಲ್ಲಿವರೆಗೆ ಇದೆಯೋ ಅಷ್ಟು ಕೆಸರು ಇದೆ ಅಂತ. ನೀರಿನ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಕೆಸರು ಎಳೆಯುವ ಸಕ್ಕಿಂಗ್ ಗಾಡಿ ಕರೆಸಿ. ಗುಂಡಿಯೊಳಗೆ ಬಗ್ಗಿ ನೋಡಬೇಡಿ, ಹತ್ತಿರ ಬೀಡಿ ಬೆಂಕಿ ಬೇಡ, ಮಕ್ಕಳನ್ನು ದೂರ ಇಡಿ.

ನಿಮ್ಮದಕ್ಕೆ ಒಂದು ಒರಟು ಲೆಕ್ಕ. ನೀರು 4 ಅಡಿ ನಿಂತಿದ್ದರೆ ಟ್ಯಾಂಕಿನಲ್ಲಿ ಸುಮಾರು 4500 ಲೀಟರ್. ಒಬ್ಬರಿಗೆ ವರ್ಷಕ್ಕೆ 30ರಿಂದ 40 ಲೀಟರ್ ಕೆಸರು ಕೂರುತ್ತದೆ ಅಂತಿಟ್ಟುಕೊಂಡರೆ ಐದು ಜನಕ್ಕೆ 12 ವರ್ಷದಲ್ಲಿ 2000 ಲೀಟರ್ ಹತ್ತಿರ. ಅಂದರೆ ಅರ್ಧಕ್ಕೆ ಬಂದಿದೆ. ಸರ್ಕಾರದ ಮಾರ್ಗಸೂಚಿ ಎರಡು ಮೂರು ವರ್ಷಕ್ಕೊಮ್ಮೆ ಅನ್ನುತ್ತದೆ. ಅದಕ್ಕೂ ಕಾರಣ ಇದೆ, ತುಂಬಾ ವರ್ಷ ಬಿಟ್ಟರೆ ತಳ ಗಟ್ಟಿಯಾಗಿ ಪಂಪಿಗೂ ಎಳೆಯೋದಿಲ್ಲ.

ಇನ್ನೊಂದು, ಒಂದೇ ಕಕ್ಕಸು ನಿಧಾನ ಆಗಿದ್ದರೆ ಆ ಲೈನಿನಲ್ಲಿ ಏನೋ ಸಿಕ್ಕಿಕೊಂಡಿರಬಹುದು. ಮನೆಯ ಎಲ್ಲವೂ ನಿಧಾನ ಆಗಿದ್ದರೆ ಟ್ಯಾಂಕ್ ಅಥವಾ ಇಂಗು ಗುಂಡಿ. ಗಾಳಿ ಪೈಪಿನ ತುದಿಯ ಜಾಲರಿ ಕಟ್ಟಿಕೊಂಡಿದೆಯಾ ಅಂತಲೂ ನೋಡಿ.

ಬಯಲುಸೀಮೆ_77:

ನಮ್ಮ ಮನೆಯಲ್ಲಿ 20 ವರ್ಷದಿಂದ ತೆಗೆಸಿಲ್ಲ ಗುರು, ಏನೂ ಆಗಿಲ್ಲ. ಈ ಗಾಡಿಯವರ ಬಿಸಿನೆಸ್ ಅಷ್ಟೇ ಇದೆಲ್ಲ.

ಗಾರೆ_ಮೇಸ್ತ್ರಿ:

ನಿಮ್ಮದಕ್ಕೆ ತಳಕ್ಕೆ ಕಾಂಕ್ರೀಟ್ ಹಾಕಿದೆಯಾ? ಬರೀ ಸಿಮೆಂಟ್ ರಿಂಗ್ ಇಳಿಸಿದ್ದರೆ ಅದು ಸೆಪ್ಟಿಕ್ ಟ್ಯಾಂಕೇ ಅಲ್ಲ, ಗುಂಡಿ. ನೀರೆಲ್ಲ ಮಣ್ಣಿಗೆ ಇಂಗಿ ಹೋಗುತ್ತದೆ, ಅದಕ್ಕೇ ತುಂಬಿಲ್ಲ. ಪಕ್ಕದಲ್ಲಿ ಬೋರ್‌ವೆಲ್ಲೋ ಬಾವಿಯೋ ಇದ್ದರೆ ಒಮ್ಮೆ ನೀರು ಟೆಸ್ಟ್ ಮಾಡಿಸಿ.

ತೋಟದ_ಮನೆ:

ನಾವು ತೀರ್ಥಹಳ್ಳಿ ಕಡೆಯವರು, ಮಳೆಗಾಲದ ಕಥೆ ನಮಗೆ ಚೆನ್ನಾಗಿ ಗೊತ್ತು. ನೆಲವೇ ನೆನೆದು ಕೂತಾಗ ಇಂಗು ಗುಂಡಿ ಎಲ್ಲಿಗೆ ನೀರು ಕಳಿಸಬೇಕು? ಜೋರು ಮಳೆಯಲ್ಲಿ ಖಾಲಿ ಮಾಡಿಸಿದರೆ ಇಂಗು ಗುಂಡಿಯ ನೀರೇ ಹಿಂದಕ್ಕೆ ಬಂದು ಟ್ಯಾಂಕ್ ತುಂಬಿಕೊಳ್ಳುವುದೂ ಉಂಟು, ನಮ್ಮಲ್ಲಿ ಒಂದು ವರ್ಷ ಹಾಗೇ ಆಗಿ ದುಡ್ಡು ದಂಡ. ಹೊರಗಿನ ನೀರಿನ ಒತ್ತಡಕ್ಕೆ ಖಾಲಿ ಟ್ಯಾಂಕಿನ ಗೋಡೆ ಬಿರುಕು ಬಿಡುವ ಭಯವೂ ಇದೆ. ಮಳೆ ಒಂದು ವಾರ ಬಿಡುವು ಕೊಟ್ಟಾಗ ಮಾಡಿಸಿ. ಮುಂದಿನ ಸಲದಿಂದ ಬೇಸಿಗೆಯಲ್ಲಿ, ಮಾರ್ಚ್ ಏಪ್ರಿಲ್ ಒಳಗೆ. ತಾರಸಿಯ ನೀರು, ಅಂಗಳದ ನೀರು ಟ್ಯಾಂಕಿಗೆ ಇಳಿಯುತ್ತಿದೆಯಾ ಅದನ್ನೂ ನೋಡಿ.

ಪುಡಿ, ಸಗಣಿ ಬಗ್ಗೆ: ಬೇಕಾದ ಬ್ಯಾಕ್ಟೀರಿಯಾ ನಾವು ದಿನಾ ಬೆಳಗ್ಗೆ ಕಳಿಸುತ್ತಲೇ ಇದ್ದೇವೆ ಅಲ್ವಾ. ಅದನ್ನು ಕೊಲ್ಲದೇ ಇದ್ದರೆ ಸಾಕು. ಆಸಿಡ್, ಬ್ಲೀಚಿಂಗ್ ಪೌಡರ್ ಬಕೆಟ್‌ಗಟ್ಟಲೆ ಸುರಿಯಬೇಡಿ. ಪ್ಯಾಡ್, ಡೈಪರ್, ಒದ್ದೆ ಟಿಶ್ಯೂ ಯಾವುದೂ ಕಕ್ಕಸಿಗೆ ಹೋಗಬಾರದು. ಅಡುಗೆಮನೆ ನೀರು ನಾವಂತೂ ಬಾಳೆಗಿಡಕ್ಕೆ ಬಿಟ್ಟಿದ್ದೇವೆ, ಎಣ್ಣೆ ಜಿಡ್ಡು ಟ್ಯಾಂಕಿಗೆ ಬೀಳೋದಿಲ್ಲ.

ಸುಮ್ನೆ_ಓದುಗ:

ಒಂದೇ ಮಾತು. ಯಾರನ್ನೂ ಒಳಗೆ ಇಳಿಸಬೇಡಿ. ಗಟ್ಟಿಯಾಗಿದೆ, ಒಬ್ಬ ಹುಡುಗ ಇಳಿದು ಕೆದಕಿಬಿಟ್ಟರೆ ಆಗುತ್ತೆ ಅಂತ ಕೆಲವರು ಹೇಳುತ್ತಾರೆ. ಒಳಗೆ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಎರಡನೆಯದು ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಇಳಿದವನು ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ರಕ್ಷಣಾ ಸಾಮಗ್ರಿ ಇಲ್ಲದೆ ಜನರನ್ನು ಇಳಿಸಿ ಕೆಲಸ ಮಾಡಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಕ್ಕಿಂಗ್ ಗಾಡಿಗೆ ನಗರಸಭೆ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿ, 14420 ಸಹಾಯವಾಣಿಯೂ ಇದಕ್ಕೆಂದೇ ಇದೆ. ತೆಗೆದದ್ದನ್ನು ಎಲ್ಲಿ ಸುರಿಯುತ್ತೀರಿ ಅಂತಲೂ ಗಾಡಿಯವರನ್ನು ಕೇಳಿ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಕೆಸರನ್ನು ಸಂಸ್ಕರಿಸುವ ಘಟಕ ಶುರುವಾಯಿತು. ಕೆರೆ ಕೋಡಿಗೆ ಸುರಿಯುವವರು ಇನ್ನೂ ಇದ್ದಾರೆ.

ಊರಾಚೆ_ಮನೆ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮುಚ್ಚಳ ತೆಗೆಸಿದೆವು. ನೀರು 4 ಅಡಿ, ಪಂಚೆ ಮೇಲೆ ಕಪ್ಪು ಗುರುತು ಎರಡೂಕಾಲು ಅಡಿ! ಮಾವ ಎರಡನೇ ಸಲ ತಾವೇ ಗಳ ಇಳಿಸಿ ನೋಡಿದರು, ಅಷ್ಟೇ ಬಂತು. ನಿನ್ನೆ ಗಾಡಿ ಬಂದಿತ್ತು, ತಳ ಗಟ್ಟಿ ಅಂತ ನೀರು ಬಿಟ್ಟು ಕಲಕಿ ಎಳೆದರು, ಎರಡು ಲೋಡ್, 5000 ರೂಪಾಯಿ. ಒಳಗೆ ಬರುವ ಟೀ (T ಆಕಾರದ) ಪೈಪಿಗೆ ಮಗುವಿನ ಒದ್ದೆ ಟಿಶ್ಯೂ ಮುದ್ದೆ ಸಿಕ್ಕಿಕೊಂಡಿತ್ತು, ಅದು ನನ್ನದೇ ತಪ್ಪು. ಈಗ ಫ್ಲಶ್ ಸರಿಯಾಗಿದೆ. ತಳದಲ್ಲಿ ಸ್ವಲ್ಪ ಕೆಸರು ಉಳಿದಿದೆ, ಆಸಿಡ್ ಹಾಕಿ ತೊಳೆದುಕೊಡಲಾ ಅಂತ ಗಾಡಿಯವರು ಕೇಳುತ್ತಿದ್ದಾರೆ. ಮಾಡಿಸಲಾ?

ಗಾರೆ_ಮೇಸ್ತ್ರಿ:

ಬೇಡವೇ ಬೇಡ. ಒಂದೆರಡು ಇಂಚು ಕೆಸರು ಉಳಿದರೆ ಒಳ್ಳೆಯದೇ, ಮೊಸರಿಗೆ ಹೆಪ್ಪು ಇದ್ದ ಹಾಗೆ. ಅದರ ಮೇಲೆ ನೀರು ತುಂಬಿಸಿ, ಮುಚ್ಚಳದ ಸಂದಿಗೆ ತೆಳುವಾಗಿ ಸಿಮೆಂಟ್ ಬಳಿಯಿರಿ, ಮುಂದಿನ ಸಲ ಒಡೆಯಲು ಸುಲಭ ಆಗಬೇಕು. ಬರುವ ಬೇಸಿಗೆಯಲ್ಲಿ ಇಂಗು ಗುಂಡಿಯನ್ನೂ ಒಮ್ಮೆ ತೆಗೆದು ನೋಡಿ. ಮಳೆ ಇಲ್ಲದಾಗಲೂ ಅಲ್ಲಿ ನೀರು ಮೇಲಿನವರೆಗೆ ನಿಂತಿದ್ದರೆ ಫೋಟೋ ಹಾಕಿ, ಮುಂದೇನು ಅಂತ ನೋಡೋಣ.