ವಾಚ್‌ಡಾಗ್ ಟೈಮ್‌ಔಟ್ 300 ಕೊಟ್ಟರೆ 44 ಸೆಕೆಂಡಿಗೇ ರೀಸೆಟ್: ಪ್ಯಾಚ್ ರಿವ್ಯೂಗೆ ಸಹಾಯ ಬೇಕು

ಸಂಪಿಗೆ_32:
ನಮ್ಮ ಬೋರ್ಡಿನ ಲಿನಕ್ಸ್ ವಾಚ್‌ಡಾಗ್ ಡ್ರೈವರಿಗೆ ಬಂದಿರೋ ಪ್ಯಾಚ್ (ಕೋಡ್ ಬದಲಾವಣೆ) ಒಂದನ್ನ ರಿವ್ಯೂ ಮಾಡ್ತಿದ್ದೀನಿ. ವಾಚ್‌ಡಾಗ್ ಅಂದರೆ, ಕೊಟ್ಟ ಸಮಯದೊಳಗೆ ಪಿಂಗ್, ಅಂದರೆ ‘ಬದುಕಿದ್ದೀನಿ’ ಅನ್ನೋ ಸಂಕೇತ, ಬರದಿದ್ದರೆ ಬೋರ್ಡನ್ನು ರೀಸೆಟ್ ಮಾಡೋ ಟೈಮರ್. ಹಾರ್ಡ್‌ವೇರ್ ಸರಳ. 32768 ಹರ್ಟ್ಜ್ ಕ್ಲಾಕನ್ನು 128ರಿಂದ ಭಾಗಿಸಿ 16 ಬಿಟ್ ಕೌಂಟರಿಗೆ ಕೊಟ್ಟಿದ್ದಾರೆ. ಎಣಿಕೆ ಇಳಿದು ಸೊನ್ನೆ ಮುಟ್ಟಿದರೆ ರೀಸೆಟ್. ಅಪ್‌ಡೇಟ್ ಹಾಕೋಕೆ 4 ನಿಮಿಷಕ್ಕಿಂತ ಹೆಚ್ಚು ಬೇಕು ಅಂತ ಪ್ಯಾಚಿನಲ್ಲಿ, ಕೊಡಬಹುದಾದ ಗರಿಷ್ಠ ಸೆಕೆಂಡುಗಳ ಮಿತಿಯಾದ ಮ್ಯಾಕ್ಸ್_ಟೈಮ್‌ಔಟ್ ಅನ್ನು 255ರಿಂದ 600ಕ್ಕೆ ಏರಿಸಿದ್ದಾರೆ. ಬದಲಾಗಿರೋದು ಆ ಒಂದೇ ಸಾಲು.

120 ಕೊಟ್ಟರೆ ಏನೂ ತೊಂದರೆ ಇಲ್ಲ. 300 ಕೊಟ್ಟರೆ ವಾಚ್‌ಡಾಗ್ ಸ್ಥಿತಿ ತೋರಿಸೋ ಕಮಾಂಡ್ ಡಬ್ಲ್ಯೂಡಿ‌ಸಿಟಿಎಲ್ 300 ಅಂತಲೇ ತೋರಿಸುತ್ತೆ, ಆದರೆ ಬೋರ್ಡ್ 44 ಸೆಕೆಂಡಿಗೆ ರೀಸೆಟ್ ಆಗುತ್ತೆ. 600ಕ್ಕೆ ಒಂದೂವರೆ ನಿಮಿಷದ ಒಳಗೆ. ಸಿಸ್ಟಮ್‌ಡಿ (ಸಿಸ್ಟಮ್ಮಿನ ಸೇವೆಗಳನ್ನು ನಡೆಸೋ ಪ್ರೋಗ್ರಾಂ) ಅರ್ಧ ಅವಧಿಗೊಮ್ಮೆ, ಅಂದರೆ 300ಕ್ಕೆ 150 ಸೆಕೆಂಡಿಗೆ ಪಿಂಗ್ ಮಾಡುತ್ತೆ. ಅಷ್ಟು ಹೊತ್ತು ಬೋರ್ಡೇ ಇರಲ್ಲ. ಕ್ಲಾಕ್ ಸೆಟ್ಟಿಂಗ್ ಅನುಮಾನ ಪಡಬೇಕಾ?

ತುಂಗಾತೀರ:
ಕ್ಲಾಕ್ ಸರಿಯಾಗೇ ಇದೆ, ನಿಮ್ಮ ಅಂಕಿಗಳೇ ಹೇಳ್ತಿವೆ. ಸೆಕೆಂಡಿಗೆ 256 ಎಣಿಕೆ. 300 × 256 = 76800. 16 ಬಿಟ್‌ನಲ್ಲಿ ಹಿಡಿಸೋದು 65535ರವರೆಗೆ ಮಾತ್ರ, ಹಾಗಾಗಿ 65536 ಕಳೆದು ಉಳಿದ 11264 ರಿಜಿಸ್ಟರಿಗೆ ಹೋಗುತ್ತೆ. 256ರಿಂದ ಭಾಗಿಸಿ: ಸರಿಯಾಗಿ 44. ಇದೇ ಲೆಕ್ಕದಲ್ಲಿ 600ಕ್ಕೆ 88. ನಿಜಕ್ಕೂ ಭಯ ಆಗೋದು 256 ಕೊಟ್ಟಾಗ, ರಿಜಿಸ್ಟರಿಗೆ ಬೀಳೋದು ಸೊನ್ನೆ!

ಪ್ಯಾಚ್ ಈಗಿರೋ ರೂಪದಲ್ಲಿ ಒಪ್ಪಬೇಡಿ. ಆದರೆ 300 ಬೇಕು ಅನ್ನೋ ಬೇಡಿಕೆ ನ್ಯಾಯವಾದದ್ದೇ, ಅದಕ್ಕೆ ದಾರಿ ಡ್ರೈವರ್‌ಗಳು ಹಂಚಿಕೊಳ್ಳೋ ಕರ್ನಲ್ಲಿನ ವಾಚ್‌ಡಾಗ್ ಕೋರ್‌ನಲ್ಲಿದೆ. ಮ್ಯಾಕ್ಸ್_ಟೈಮ್‌ಔಟ್ ತೆಗೆದುಹಾಕಿ, ಹಾರ್ಡ್‌ವೇರ್ ಎಣಿಸಬಲ್ಲ ಗರಿಷ್ಠ ಮಿಲಿಸೆಕೆಂಡ್ ಹೇಳೋ ಮ್ಯಾಕ್ಸ್_ಎಚ್‌ಡಬ್ಲ್ಯೂ_ಹಾರ್ಟ್‌ಬೀಟ್_ಎಂಎಸ್‌ಗೆ 255000 ಕೊಡಿಸಿ. ಇದು 2016ರಲ್ಲಿ ಬಂದ 4.6 ಕರ್ನಲ್‌ನಿಂದ ಇದೆ. ಸೆಟ್_ಟೈಮ್‌ಔಟ್‌ನಲ್ಲಿ ಬಳಕೆದಾರ ಕೇಳಿದ 300 ಹಾಗೇ ಟೈಮ್‌ಔಟ್ ಫೀಲ್ಡಿಗೆ ಹೋಗಲಿ, ರಿಜಿಸ್ಟರಿಗೆ ಮಾತ್ರ 255ಕ್ಕೆ ಮಿತಿ ಹಾಕಿ ಬರೆಯಲಿ. ಉಳಿದ ಅಂತರವನ್ನು ಕೋರ್ ಮಧ್ಯದಲ್ಲಿ ತಾನೇ ಪಿಂಗ್ ಮಾಡಿ ತುಂಬುತ್ತೆ. ಐಎಂಎಕ್ಸ್2_ಡಬ್ಲ್ಯೂಡಿಟಿ ಡ್ರೈವರ್ ಓದಿ ನೋಡಿ. ಅದರಲ್ಲಿ ಇರೋದೇ 8 ಬಿಟ್, ಅರ್ಧ ಸೆಕೆಂಡಿನ ಹೆಜ್ಜೆ, ಗರಿಷ್ಠ 128 ಸೆಕೆಂಡ್. ಆದರೂ ಅದಕ್ಕಿಂತ ದೊಡ್ಡ ಟೈಮ್‌ಔಟ್ ಅಚ್ಚುಕಟ್ಟಾಗಿ ನಡೆಯುತ್ತೆ.

ಬೂಟ್_ಬಳಗ:
ನನಗೊಂದು ಸಂಶಯ. ಮಧ್ಯದಲ್ಲಿ ಕರ್ನಲ್ಲೇ ಪಿಂಗ್ ಮಾಡ್ತಾ ಹೋದರೆ, ಯೂಸರ್‌ಸ್ಪೇಸ್ (ಕರ್ನಲ್ ಹೊರಗಿನ ಪ್ರೋಗ್ರಾಂಗಳು) ಸತ್ತಿದ್ದರೂ ಬೋರ್ಡ್ ಎದ್ದೇ ಇರುತ್ತಲ್ಲ? ಆಮೇಲೆ ವಾಚ್‌ಡಾಗ್ ಇದ್ದು ಏನು ಪ್ರಯೋಜನ?

ತುಂಗಾತೀರ:
ಕೇಳಲೇಬೇಕಾದ ಪ್ರಶ್ನೆ. ಕೋರ್ ಮನಸ್ಸಿಗೆ ಬಂದಷ್ಟು ಪಿಂಗ್ ಮಾಡಲ್ಲ. ಯೂಸರ್‌ಸ್ಪೇಸ್‌ನಿಂದ ಕೊನೆಯ ಪಿಂಗ್ ಬಂದ ಕ್ಷಣದಿಂದ ಎಣಿಸಿ, 300ರಲ್ಲಿ 255 ಕಳೆದು, 45ನೇ ಸೆಕೆಂಡಿಗೆ ತಾನೇ ಒಂದು ಪಿಂಗ್ ಕೊಟ್ಟು ಸುಮ್ಮನಾಗುತ್ತೆ. ಅಲ್ಲಿಂದ ಹಾರ್ಡ್‌ವೇರ್ 255 ಎಣಿಸುತ್ತೆ. ಒಟ್ಟು 300ಕ್ಕೇ ರೀಸೆಟ್. ಕರ್ನಲ್ಲೇ ಹ್ಯಾಂಗ್ ಆದರೆ ಆ ಪಿಂಗೂ ಇರಲ್ಲ, ಆಗ ಕೊನೆಯ ಪಿಂಗ್ ಆದ 255 ಸೆಕೆಂಡಿಗೆ ರೀಸೆಟ್.

ಬೂಟ್_ಬಳಗ:
ಈಗ ಸ್ಪಷ್ಟವಾಯ್ತು. ಹಾಗಾದರೆ ಸ್ಟಾರ್ಟ್ ಫಂಕ್ಷನ್ನೂ ನೋಡಿ. ಬಹಳ ಡ್ರೈವರ್‌ಗಳಲ್ಲಿ ಅಲ್ಲೂ ಟೈಮ್‌ಔಟನ್ನು ನೇರ ರಿಜಿಸ್ಟರಿಗೆ ಬರೆದಿರ್ತಾರೆ.

ಸಂಪಿಗೆ_32:
ಹೌದು, ಸ್ಟಾರ್ಟ್‌ನಲ್ಲೂ ಅದೇ ಗುಣಾಕಾರ ಇದೆ. ರಿಜಿಸ್ಟರ್ ಬರೆಯೋದನ್ನ ಒಂದೇ ಫಂಕ್ಷನ್ನಿಗೆ ಸೇರಿಸಿ, ಎರಡೂ ಕಡೆಯಿಂದ ಅದನ್ನೇ ಕರೆಯೋಕೆ ಹೇಳ್ತೀನಿ. ಬೂಟ್‌ಲೋಡರ್ ಮೊದಲೇ ವಾಚ್‌ಡಾಗ್ ಶುರು ಮಾಡಿರುತ್ತೆ, ಅದಕ್ಕೇನಾದರೂ ಬೇಕಾ?

ತುಂಗಾತೀರ:
ಬೇಕು. ಪ್ರೋಬ್‌ನಲ್ಲಿ (ಡ್ರೈವರ್ ಶುರುವಾಗುವಾಗ ನಡೆಯೋ ಫಂಕ್ಷನ್) ಎನೇಬಲ್ ಬಿಟ್ ಓದಿ, ಓಡ್ತಾ ಇದ್ದರೆ ಡಿವೈಸನ್ನು ಕೋರಿನಲ್ಲಿ ನೋಂದಾಯಿಸೋ ಮೊದಲೇ ಡಬ್ಲ್ಯೂಡಾಗ್_ಎಚ್‌ಡಬ್ಲ್ಯೂ_ರನ್ನಿಂಗ್ ಫ್ಲ್ಯಾಗ್ ಹಾಕಬೇಕು. ಆಗ ಡಿವೈಸ್ ಓಪನ್ ಆಗೋವರೆಗೆ ಕೋರ್ ನೋಡಿಕೊಳ್ಳುತ್ತೆ. ಅದು ಬೇರೆ ಪ್ಯಾಚ್ ಆಗಿ ಬರಲಿ, ಇದರಲ್ಲಿ ಬೆರೆಸೋದು ಬೇಡ.

ಟೆಸ್ಟ್ ಹೀಗೆ ಮಾಡಿ: ಸಿಸ್ಟಮ್‌ಡಿಯ ವಾಚ್‌ಡಾಗ್ ಆಫ್ ಮಾಡಿ, ಟೈಮ್‌ಔಟ್ 300 ಇಟ್ಟು, ಶೆಲ್‌ನಿಂದ ಡಿವೈಸ್ ಓಪನ್ ಮಾಡಿ, ಏನೂ ಬರೆಯದೆ ಬಿಡಿ. 300ರ ಆಸುಪಾಸಿನಲ್ಲಿ ರೀಸೆಟ್ ಆಗಬೇಕು. ಆಮೇಲೆ ಕರ್ನಲ್ಲಿಗೆ ನೇರ ಆದೇಶ ಕೊಡೋ ಸಿಸ್‌ಆರ್‌ಕ್ಯೂನಿಂದ ಪ್ಯಾನಿಕ್ (ಕರ್ನಲ್ ಕುಸಿತ) ಮಾಡಿಸಿ ನೋಡಿ. ಅದಕ್ಕೆ ಮೊದಲು ಕರ್ನಲ್.ಪ್ಯಾನಿಕ್ ಮೌಲ್ಯ ಸೊನ್ನೆ ಇರಲಿ, ಇಲ್ಲದಿದ್ದರೆ ಕರ್ನಲ್ ತಾನೇ ರೀಬೂಟ್ ಆಗಿಬಿಡುತ್ತೆ, ವಾಚ್‌ಡಾಗ್ ಕೆಲಸ ಮಾಡಿತು ಅಂತ ನೀವು ಅಂದುಕೊಳ್ತೀರಿ.

ಸಂಪಿಗೆ_32:
ಎರಡನೇ ಆವೃತ್ತಿ ಬಂತು. ಬರೀ ಓಪನ್ ಮಾಡಿ ಬಿಟ್ಟಾಗ ಸ್ಟಾಪ್‌ವಾಚ್‌ನಲ್ಲಿ 300. 256ಕ್ಕೂ ತಕರಾರಿಲ್ಲ. ಪ್ಯಾನಿಕ್ ಟೆಸ್ಟಲ್ಲಿ 255ರ ಒಳಗೇ ರೀಸೆಟ್ ಆಯ್ತು. ಹ್ಯಾಂಗ್ ಆದಾಗಿನ ಆ ವ್ಯತ್ಯಾಸವನ್ನ ಕಮಿಟ್ ಮೆಸೇಜಲ್ಲಿ ಬರೆಯೋಕೆ ಕೇಳಿದ್ದೀನಿ, ಅದು ಸೇರಿದರೆ ಒಪ್ಪಿಗೆಯ ರಿವ್ಯೂಡ್-ಬೈ ಸಾಲು ಹಾಕ್ತೀನಿ.