ಸಹಾಯ ಬೇಕು: ಪ್ರಿಫ್ಯಾಬ್‌ಗೆ ಸೀನ್‌ನಲ್ಲಿರೋ ಪ್ಲೇಯರ್‌ನ ರೆಫರೆನ್ಸ್ ಕೊಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಯೂನಿಟಿ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ನಮ್ಮ ಅಂಜನಾದ್ರಿ ಬೆಟ್ಟದ ಗೇಮ್ ಮಾಡುತ್ತಿದ್ದೇನೆ. 575 ಮೆಟ್ಟಿಲು ಹತ್ತಬೇಕು, ದಾರಿಯಲ್ಲಿ ಕೋತಿಗಳು ಬಂದು ಕೈಯಲ್ಲಿರುವ ಬಾಳೆಹಣ್ಣು ಕಸಿಯುತ್ತವೆ. ನಮ್ಮ ಕಡೆಯ ಮಕ್ಕಳು ಕನ್ನಡದಲ್ಲೇ ಆಡಲಿ ಅಂತ ತುಂಬಾ ಆಸೆ.

ಕೋತಿ ಒಂದು ಪ್ರಿಫ್ಯಾಬ್, ಅಂದರೆ ಬೇಕಾದಷ್ಟು ಪ್ರತಿ ತೆಗೆಯುವ ಅಚ್ಚು. ಅದರ ಸ್ಕ್ರಿಪ್ಟ್‌ನಲ್ಲಿ ಟಾರ್ಗೆಟ್ (ಯಾರನ್ನು ಬೆನ್ನಟ್ಟಬೇಕು ಅನ್ನೋದು) ಅಂತ ಒಂದು ಟ್ರಾನ್ಸ್‌ಫಾರ್ಮ್ ವೇರಿಯೇಬಲ್ ಇದೆ. ಸೀನ್‌ನಲ್ಲೇ ಇಟ್ಟ ಕೋತಿಗೆ ಇನ್‌ಸ್ಪೆಕ್ಟರ್‌ನಲ್ಲಿ ಪ್ಲೇಯರ್‌ನ ಎಳೆದು ಬಿಟ್ಟರೆ ಸರಿಯಾಗಿ ಬೆನ್ನಟ್ಟುತ್ತದೆ. ಪ್ರಾಜೆಕ್ಟ್ ಫೋಲ್ಡರ್‌ನ ಪ್ರಿಫ್ಯಾಬ್‌ಗೆ ಎಳೆದರೆ ಮಾತ್ರ ತಗೊಳ್ಳುವುದೇ ಇಲ್ಲ. ಪ್ರಿಫ್ಯಾಬ್ ಅನ್ನೋದು ಫೈಲ್, ಸೀನ್‌ನ ವಸ್ತುವನ್ನು ಹಿಡಿದಿಟ್ಟುಕೊಳ್ಳಲ್ಲ, ಅಷ್ಟು ಗೊತ್ತಾಯ್ತು.

ಪಬ್ಲಿಕ್, ಸೀರಿಯಲೈಸ್ ಫೀಲ್ಡ್ ಎರಡೂ ನೋಡಿದೆ, ಅದೇ ಕಥೆ. ಸ್ಟಾರ್ಟ್‌ನಲ್ಲಿ (ಮೊದಲ ಫ್ರೇಮ್‌ಗೆ ಮುಂಚೆ ತಾನಾಗಿ ಓಡುವ ಫಂಕ್ಷನ್) ಟ್ಯಾಗ್ ಮೂಲಕ ಹುಡುಕಿದರೆ ಸಿಗುತ್ತದೆ. ಆದರೆ ಪ್ಲೇಯರ್ ಆಫ್ ಇದ್ದಾಗ ಹುಟ್ಟಿದ ಕೋತಿಗೆ ಸಿಗಲ್ಲ.

ಈಗ ಕೋತಿಗಳನ್ನು ಹುಟ್ಟಿಸುವ ಸ್ಪಾನರ್ ಸ್ಕ್ರಿಪ್ಟ್‌ನಲ್ಲಿ, ಇನ್‌ಸ್ಟಾನ್ಶಿಯೇಟ್ (ಹೊಸ ಪ್ರತಿ ಹುಟ್ಟಿಸುವುದು) ಆದ ಮುಂದಿನ ಸಾಲಿನಲ್ಲಿ ಟಾರ್ಗೆಟ್ ಕೊಡುತ್ತಿದ್ದೇನೆ. ಅಷ್ಟರಲ್ಲಿ ಕೋತಿಯ ಅವೇಕ್ (ಹುಟ್ಟಿದ ತಕ್ಷಣ, ಸ್ಟಾರ್ಟ್‌ಗಿಂತ ಮುಂಚೆ ಓಡುವ ಫಂಕ್ಷನ್) ಓಡಿ ಮುಗಿದಿರುತ್ತದೆ ಅಲ್ವಾ? ಅಲ್ಲಿ ಟಾರ್ಗೆಟ್ ಇನ್ನೂ ಖಾಲಿ, ನಲ್ ರೆಫರೆನ್ಸ್ ಎರರ್ ಬರುತ್ತದೆ. ಇಲ್ಲೇ ಸಿಕ್ಕಿಕೊಂಡಿದ್ದೇನೆ.

ಅವೇಕ್‌ನ ಕೋಡ್ ಸ್ಟಾರ್ಟ್‌ಗೆ ಹಾಕಿದರೆ ಸಾಕಾ, ಇಲ್ಲ ಸ್ಪಾನರ್ ಕರೆಯುವಂಥ ಬೇರೆ ಫಂಕ್ಷನ್ ಬರೆದು ಅದರಲ್ಲೇ ಟಾರ್ಗೆಟ್ ಕೊಡಬೇಕಾ? ಮುಂದೆ ಅದೇ ಕೋತಿಗಳನ್ನು ಪೂಲ್‌ನಿಂದ (ಅಳಿಸದೆ ಆಫ್ ಮಾಡಿ ಇಟ್ಟ ಗುಂಪಿನಿಂದ) ಮತ್ತೆ ಬಳಸಬೇಕು, ಸ್ಟಾರ್ಟ್ ಒಂದೇ ಸಲ ಓಡುತ್ತದೆ. ಹಾಗಿದ್ದರೆ ಯಾವುದು ಸರಿ?