ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಆರ್‌ವಿ, ಒಂದು ರಾತ್ರಿ: ಎಲ್ಲಿ ಉಳಿಯೋದು?

ಪ್ರಶ್ನೆ: ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಆರ್‌ವಿ (ಮಲಗಲು, ಅಡುಗೆಗೆ ಜಾಗವಿರುವ ಮನೆಯಂಥ ಗಾಡಿ) ಬಾಡಿಗೆಗೆ ತಗೊಂಡು ಕಣಿವೆಯ ದಕ್ಷಿಣ ಅಂಚಾದ ಸೌತ್ ರಿಮ್‌ನಲ್ಲಿ ಒಂದು ರಾತ್ರಿ ಉಳಿಯುವ ಆಸೆ. ಹೋಗಿ ಬಂದವರು ಅನುಭವ ಹೇಳಿ.

ಉತ್ತರ: ವಯಸ್ಸಾದವರು ಜೊತೆಗಿದ್ದರೆ ಅಲ್ಲಿನ ಆರ್‌ವಿ ತಂಗುದಾಣ ಟ್ರೇಲರ್ ವಿಲೇಜ್‌ನಲ್ಲೇ ಜಾಗ ಹಿಡಿಯಿರಿ. ಕರೆಂಟು, ನೀರು, ಕೊಳಚೆ ಮೂರಕ್ಕೂ ಹುಕಪ್, ಅಂದರೆ ಗಾಡಿಗೆ ನೇರ ಸಂಪರ್ಕ, ಇದೆ. ಪಕ್ಕದ ಮ್ಯಾಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಬಾಡಿಗೆ ಕಮ್ಮಿ, ಮರಗಳ ನೆರಳೂ ಇದೆ. ಆದರೆ ಹುಕಪ್ ಇಲ್ಲ. 30 ಅಡಿಗಿಂತ ಉದ್ದದ ಗಾಡಿಗೆ ಜಾಗವೂ ಸಿಗುವುದಿಲ್ಲ.

ನಾವು ಅತ್ತೆ ಮಾವನ ಜೊತೆ ಮ್ಯಾಥರ್‌ನಲ್ಲಿ ಉಳಿದಿದ್ದೆವು, ಏಪ್ರಿಲ್ ಕೊನೆಯಲ್ಲೇ. ಅರಿಜೋನಾ ಅಂದರೆ ಸೆಕೆ ಅಂದುಕೊಂಡಿದ್ದೆವು. ಸೌತ್ ರಿಮ್ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ! ಹೀಟರ್ ಉರಿಯುವುದು ಪ್ರೊಪೇನ್‌ನಿಂದ, ನಿಜ. ಆದರೆ ಬಿಸಿಗಾಳಿ ತಳ್ಳುವ ಫ್ಯಾನ್ ಬ್ಯಾಟರಿಯಲ್ಲಿ ಓಡುತ್ತದೆ. ಅದು ಗೊತ್ತಿಲ್ಲದೆ ಸಂಜೆಯಿಂದ ಎಲ್ಲ ಲೈಟು ಹಾಕಿಕೊಂಡು ಕೂತಿದ್ದೆವು. ರಾತ್ರಿ ಮೂರು ಗಂಟೆಗೆ ಫ್ಯಾನ್ ಸದ್ದು ಸಣ್ಣಗಾಗುತ್ತಾ ಬಂದು ನಿಂತೇಬಿಟ್ಟಿತು. ಅಷ್ಟು ಹೊತ್ತಿನಲ್ಲಿ ಜನರೇಟರ್ ಹಾಕುವ ಹಾಗಿಲ್ಲ. ಅತ್ತೆ ಎರಡು ಶಾಲು ಹೊದ್ದು, ಮೊಣಕಾಲು ಮಡಚಿ, ಗೋಡೆ ಕಡೆ ತಿರುಗಿ ಮಲಗಿದ್ದರು. ಒಂದು ಮಾತೂ ಆಡಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆದರೂ ಬೆಳಗಿನ ಜಾವ ಎದ್ದು ಸೂರ್ಯೋದಯ ನೋಡಲು ಮ್ಯಾಥರ್ ಪಾಯಿಂಟ್‌ಗೆ ಹೋಗಲೇಬೇಕು, ದಯವಿಟ್ಟು ತಪ್ಪಿಸಬೇಡಿ. ವಿಸಿಟರ್ ಸೆಂಟರ್ ಹತ್ತಿರ ಆರ್‌ವಿ ನಿಲ್ಲಿಸಬಹುದು, ಅಲ್ಲಿಂದ ನಾಲ್ಕು ಹೆಜ್ಜೆ. ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋಗಿದ್ದೆವು. ಮೊದಲು ಬಂಡೆಗಳ ತುದಿಗೆ ಬಿಸಿಲು ಬಿತ್ತು. ಆಮೇಲೆ ಕೆಂಪು ಪಟ್ಟೆ ಪಟ್ಟೆಯಾಗಿ ಕೆಳಗಿಳಿಯಿತು. ಮಾವ ಲೋಟ ಕಂಬಿ ಪಕ್ಕ ಇಟ್ಟು ಕೈ ಮುಗಿದರು. ಅತ್ತೆ ಅಲ್ಲಿಂದ ಏಳಲು ಒಪ್ಪಲೇ ಇಲ್ಲ.

ಇನ್ನೊಬ್ಬರ ಉತ್ತರ: ಟ್ರೇಲರ್ ವಿಲೇಜ್‌ನಲ್ಲಿ ಉಳಿದವರು ನಾವು. ರಾತ್ರಿಯೆಲ್ಲ ಗಾಡಿ ಬೆಚ್ಚಗಿತ್ತು, ಮೇಲಿನವರು ಹೇಳಿದ್ದು ಸರಿ. ಮಲಗುವ ಮುಂಚೆ ಟ್ಯಾಂಕಿಗೆ ನೀರು ತುಂಬಿಸಿ ಹೊರಗಿನ ಪೈಪು ಬಿಚ್ಚಿಡಿ. ನಾವು ಹಾಗೇ ಬಿಟ್ಟಿದ್ದೆವು. ಬೆಳಗ್ಗೆ ಪೈಪು ದೊಣ್ಣೆ ಥರ ಗಟ್ಟಿಯಾಗಿತ್ತು, ಹಲ್ಲುಜ್ಜೋಕೂ ನೀರಿಲ್ಲ. ಎಲ್ಕ್ ಅನ್ನೋ ಜಿಂಕೆ ಜಾತಿಯ ಪ್ರಾಣಿಗಳು ಗಾಡಿ ಪಕ್ಕಕ್ಕೇ ಬಂದು ಹುಲ್ಲು ಮೇಯುತ್ತವೆ, ನಮ್ಮ ಕಡವೆಗಿಂತ ದೊಡ್ಡವು. ಅಪ್ಪ ಅಮ್ಮ ಫೋಟೋಗೆ ಅಂತ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ. ಕನಿಷ್ಠ 100 ಅಡಿ ದೂರ ಇರಬೇಕು. ಮಲಗುವ ಮುಂಚೆ ಎಲ್ಲ ಲೈಟು ಆರಿಸಿ ಒಂದು ಹತ್ತು ನಿಮಿಷ ಹೊರಗೆ ನಿಲ್ಲಿ. ಅಷ್ಟು ನಕ್ಷತ್ರ ನಾನು ಚಿಕ್ಕವಳಿದ್ದಾಗ ಅಜ್ಜಿ ಮನೆ ಅಂಗಳದಲ್ಲಿ ನೋಡಿದ್ದು.